ಮೂರನೆಯ ವೈರು

ನಿಝಾಮನ ಕೆಲಸದ ಚೀಲದಲ್ಲಿ ಮೂರು ಕೆಂಪು ವೈರುಗಳಿದ್ದವು. ಒಂದೊಂದೂ ಮೊಳದುದ್ದ. ಎರಡೂ ತುದಿಗೆ ಕಚ್ಚಿ ಹಿಡಿಯುವ ಕ್ಲಿಪ್ಪು, ನಡುವೆ ಬಿಳಿ ಟೇಪು, ಟೇಪಿನ ಮೇಲೆ ಒಂದು, ಎರಡು, ಮೂರು ಎಂದು ಅಂಕಿ. ಲಿಫ್ಟ್ ರಿಪೇರಿಯವರಿಗೆ ಈ ವೈರು ಇಲ್ಲದೆ ಕೈ ಓಡುವುದಿಲ್ಲ. ಅವರು ಇದಕ್ಕಿಂತ ಹೆಚ್ಚು ಹೆದರಬೇಕಾದ ಸಾಮಾನೂ ಬೇರೊಂದಿಲ್ಲ.

ಲಿಫ್ಟಿನ ಪ್ರತಿ ಮಹಡಿಯ ಬಾಗಿಲಿಗೂ ಒಂದು ಲಾಕ್ ಇರುತ್ತದೆ. ಬಾಗಿಲು ಮುಚ್ಚಿ, ಲಾಕಿನ ನಾಲಗೆ ಗೂಡಿನಲ್ಲಿ ಪೂರ್ತಿ ಕೂತರೆ ಮಾತ್ರ ಲಿಫ್ಟು ಕದಲುತ್ತದೆ. ಇಲ್ಲವಾದರೆ ನಿಂತಲ್ಲೇ ನಿಲ್ಲುತ್ತದೆ. ಯಾವ ಬಾಗಿಲು ತಕರಾರು ಮಾಡುತ್ತಿದೆ ಎಂದು ಹುಡುಕುವಾಗ ಟೆಕ್ನೀಷಿಯನ್ನರು ಲಿಫ್ಟಿನ ಪ್ಯಾನೆಲ್ ಬಿಚ್ಚಿ, ಅಲ್ಲಿಗೆ ಆ ಲಾಕಿನಿಂದ ಬರುವ ಎರಡು ತಂತಿಗೆ ಈ ವೈರನ್ನು ಕಚ್ಚಿಸುತ್ತಾರೆ. ಆಗ ಬಾಗಿಲು ಹೇಗಿದ್ದರೂ ಸರಿಯಾಗಿಯೇ ಇದೆ ಎಂದು ನಂಬಿ ಲಿಫ್ಟು ಓಡುತ್ತದೆ. ನಿಝಾಮನಿಗೆ ಕೆಲಸ ಕಲಿಸಿದ ಅಹ್ಮದ್ ಕುಂಞಿ ಇದನ್ನು ಲಿಫ್ಟಿಗೆ ಹೇಳುವ ಸುಳ್ಳು ಎನ್ನುತ್ತಿದ್ದರು. ಸುಳ್ಳು ಹೇಳಬೇಕಾದೀತು, ಆದರೆ ಗಿರಾಕಿಯ ಮನೆಯಿಂದ ಹೊರಬೀಳುವ ಮೊದಲು ಅದನ್ನು ವಾಪಸ್ ತೆಗೆದುಕೊಂಡು ಬಾ, ಎಣಿಸಿ ತೆಗೆ, ಎಣಿಸಿ ಇಡು ಎಂದು ಅವರು ಹೇಳಿಕೊಟ್ಟಿದ್ದರು. ಅವರು ಕೆಲಸ ಬಿಟ್ಟು ಊರಿಗೆ ಹೋಗಿ ಏಳು ವರ್ಷವಾಗಿತ್ತು. ನಿಝಾಮ ಎಣಿಸುವುದನ್ನು ಬಿಟ್ಟಿರಲಿಲ್ಲ. ಆದರೆ ಗಿರಾಕಿಯ ಮನೆಯಿಂದ ಹೊರಡುವಾಗ ಎಣಿಸುವ ಬದಲು, ಸಂಜೆ ದುಬೈಯ ರಾಸ್ ಅಲ್ ಖೋರ್‌ನ ವರ್ಕ್‌ಶಾಪಿಗೆ ಬಂದ ಮೇಲೆ ಎಣಿಸುವ ರೂಢಿಯಾಗಿತ್ತು. ಯಾವಾಗ ಹಾಗಾಯಿತೆಂದು ಅವನಿಗೂ ತಿಳಿಯದು.

ಮೇ ತಿಂಗಳ ಒಂದು ಬುಧವಾರ ಬೆಳಿಗ್ಗೆ ಅವನು ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ ಶರ್ಮಿಳಾ ಅವರ ವಿಲ್ಲಾದಲ್ಲಿದ್ದ. ಶರ್ಮಿಳಾ ಅಲ್ಲಿನ ಒಂದು ಇಂಡಿಯನ್ ಸ್ಕೂಲಿನಲ್ಲಿ ಫಿಸಿಕ್ಸ್ ಟೀಚರ್ ಆಗಿದ್ದವರು. ಗಂಡ ಆದರ್ಶ ರುವೈಸ್‌ನ ರಿಫೈನರಿಯಲ್ಲಿ ಇಂಜಿನಿಯರ್. ವಾರವಿಡೀ ಅಲ್ಲಿನ ಕಂಪನಿ ಮನೆಯಲ್ಲಿದ್ದು ಶುಕ್ರವಾರ ಮಧ್ಯಾಹ್ನ ಬರುತ್ತಿದ್ದರು. ನಾಲ್ಕು ವರ್ಷದ ಹಿಂದೆ, ಚಳಿಗಾಲದ ಒಂದು ಬೆಳಿಗ್ಗೆ, ರುವೈಸ್‌ನಿಂದ ಇಬ್ಬರೂ ಬರುತ್ತಿದ್ದಾಗ ಮಂಜಿನಲ್ಲಿ ಮುಂದಿನ ಟ್ರೈಲರ್ ಕಾಣದೆ ಕಾರು ಅದರಡಿಗೆ ನುಗ್ಗಿತು. ಕಾರು ಓಡಿಸುತ್ತಿದ್ದದ್ದು ಶರ್ಮಿಳಾ. ಆದರ್ಶ ಗೀರುಗಾಯದಲ್ಲಿ ಪಾರಾದರು. ಶರ್ಮಿಳಾಗೆ ಸೊಂಟದಿಂದ ಕೆಳಗೆ ಸ್ವಾಧೀನವೇ ಹೋಯಿತು. ಆಮೇಲೆ ಬಾಡಿಗೆ ಮನೆಯಾದರೂ ಮಾಲೀಕರನ್ನು ಒಪ್ಪಿಸಿ, ವೀಲ್‌ಚೇರ್ ಹಿಡಿಸುವಷ್ಟು ಪುಟ್ಟದೊಂದು ಲಿಫ್ಟ್ ಹಾಕಿಸಿದರು. ಮಲಗುವ ಕೋಣೆ, ಪುಸ್ತಕ ಎಲ್ಲ ಮೇಲೆ. ನಾಲ್ಕು ಗಂಟೆಗೆ ಮಕ್ಕಳಿಗೆ ಟ್ಯೂಷನ್ ಕೆಳಗಿನ ಹಾಲಿನಲ್ಲಿ. ದಿನಕ್ಕೆ ಹತ್ತು ಸಲ ಲಿಫ್ಟು ಹತ್ತಿ ಇಳಿಯುತ್ತಿದ್ದರು.

ಮೂರು ವರ್ಷದಿಂದ ಆ ಲಿಫ್ಟಿನ ಸರ್ವಿಸ್ ನಿಝಾಮನದೇ. ಅವನು ಕಾಪು ಹತ್ತಿರದ ಮೂಳೂರಿನವನು, ಶರ್ಮಿಳಾ ಹುಟ್ಟಿದ್ದು ಕಾರ್ಕಳ, ಬೆಳೆದದ್ದು ಹಾಸನ. ತುಳು ಅವರಿಗೆ ಅರ್ಥವಾಗುತ್ತಿತ್ತು, ನಾಲಗೆ ಹೊರಳುತ್ತಿರಲಿಲ್ಲ; ಹಾಗಾಗಿ ಇಬ್ಬರ ನಡುವೆ ಕನ್ನಡವೇ ನಡೆಯುತ್ತಿತ್ತು. ಅವನು ಪ್ಯಾನೆಲ್ ಬಿಚ್ಚಿದರೆ ಅವರು ಕುರ್ಚಿ ಉರುಳಿಸಿಕೊಂಡು ಬಂದು ಇದೇನು, ಅದೇನು ಎಂದು ಕೇಳುತ್ತಿದ್ದರು. ಸುಮ್ಮನೆ ಹೊತ್ತು ಹೋಗಲೆಂದು ಕೇಳುವ ಪ್ರಶ್ನೆಗಳಲ್ಲ ಅವು. ಒಮ್ಮೆ ಅವನು ತಪ್ಪು ಹೇಳಿದಾಗ ತಿದ್ದಿಯೂ ಇದ್ದರು. ಅವನ ಮಗಳು ಹಫ್ಸಳ ಲೆಕ್ಕದ ಪುಸ್ತಕ ಯಾವುದು, ಎಲ್ಲಿ ತಡವರಿಸುತ್ತಾಳೆ ಎಂದು ವಿಚಾರಿಸುತ್ತಿದ್ದರು. ಹೋದಲ್ಲೆಲ್ಲ ವಾಚ್‌ಮನ್ ಜೊತೆ ಮಾತ್ರ ಮಾತಾಡಿ ಗೊತ್ತಿದ್ದ ನಿಝಾಮನಿಗೆ ಆ ಮನೆಯ ಸರ್ವಿಸ್ ದಿನ ಬಂತೆಂದರೆ ಖುಷಿ.

ಆ ಬುಧವಾರದ ದೂರು ಮೇಲಿನ ಬಾಗಿಲಿನದು. ಲಾಕಿನ ಸ್ಪ್ರಿಂಗ್ ಸೋತಿತ್ತು, ನಾಲಗೆ ಒಮ್ಮೆ ಕೂರುತ್ತಿತ್ತು, ಒಮ್ಮೆ ಇಲ್ಲ. ನಿಝಾಮ ಮೂರನೆಯ ನಂಬರಿನ ವೈರು ಹಾಕಿ, ತಪ್ಪು ಅಲ್ಲೇ ಎಂದು ಖಚಿತ ಮಾಡಿಕೊಂಡು, ಲಾಕ್ ಬಿಚ್ಚಿ ಒರೆಸಿ, ಸ್ಪ್ರಿಂಗನ್ನು ಸ್ವಲ್ಪ ಬಿಗಿ ಮಾಡಿ ಕೂರಿಸಿದ. ಅಷ್ಟರಲ್ಲಿ ಫೋನು ಬಂತು. ಸೂಪರ್‌ವೈಸರ್ ಅಲೆಕ್ಸಾಂಡರ್. ಖಲೀಫಾ ಸಿಟಿಯ ಒಂದು ಮನೆಯಲ್ಲಿ ಎಂಬತ್ತು ದಾಟಿದ ಮುದುಕರೊಬ್ಬರು ಲಿಫ್ಟಿನೊಳಗೆ ಸಿಕ್ಕಿಬಿದ್ದಿದ್ದಾರೆ, ಎಸಿ ನಿಂತಿದೆ, ಹತ್ತಿರ ಇರುವವನು ನೀನೊಬ್ಬನೇ, ಯಲ್ಲಾ, ಬೇಗ ಹೊರಡು ಎಂದ. ನಿಝಾಮ ಲಿಫ್ಟನ್ನು ಎರಡು ಸಲ ಮೇಲೆ ಕೆಳಗೆ ಓಡಿಸಿ ನೋಡಿದ. ಚೆನ್ನಾಗಿಯೇ ಓಡಿತು. ವೈರು ಒಳಗಿರುವಾಗ ಅದು ಓಡದೆ ಇನ್ನೇನು ಮಾಡೀತು? ಆದರೆ ಆ ಗಳಿಗೆಯಲ್ಲಿ ಅದು ಅವನಿಗೆ ಹೊಳೆಯಲಿಲ್ಲ. ಪ್ಯಾನೆಲ್ ಮುಚ್ಚಿ, ಶರ್ಮಿಳಾರ ಸಹಿ ಹಾಕಿಸಿಕೊಂಡು, ಅವರು ತರಿಸಿದ್ದ ನಿಂಬೆ ಶರಬತ್ತನ್ನೂ ಕುಡಿಯದೆ ಓಡಿದ.

ಖಲೀಫಾ ಸಿಟಿಯಲ್ಲಿ ಅರ್ಧ ಗಂಟೆಯಲ್ಲಿ ಮುದುಕರನ್ನು ಹೊರಗೆ ತಂದ. ಬೆವರಿನಲ್ಲಿ ತೊಯ್ದ ಆ ಅರಬ್ ಅಜ್ಜ ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಬಹಳ ಹೊತ್ತು ಬಿಡದೆ, ಅವನಿಗೂ ಅವನ ಹೆತ್ತವರಿಗೂ ದುವಾ ಮಾಡಿ ಹರಸಿದರು. ಈ ದಿನ ತನ್ನಿಂದ ಒಂದು ಒಳ್ಳೆಯ ಕೆಲಸವಾಯಿತು ಎಂದುಕೊಂಡೇ ನಿಝಾಮ ದುಬೈ ದಾರಿ ಹಿಡಿದ.

ವರ್ಕ್‌ಶಾಪಿನಲ್ಲಿ ಚೀಲ ಬರಿದು ಮಾಡಿ ಎಣಿಸಿದಾಗ ನಾಲ್ಕೂ ಹತ್ತು. ಎರಡು ವೈರು. ಚೀಲ ಕೊಡವಿದ. ವ್ಯಾನಿನ ಸೀಟಿನಡಿ, ಟೂಲ್ ಬಾಕ್ಸಿನ ಅಡಿ, ತನ್ನ ಪ್ಯಾಂಟಿನ ಜೇಬು ಎಲ್ಲ ನೋಡಿದ. ನೋಡುತ್ತಿದ್ದರೂ ಮನಸ್ಸಿಗೆ ಆಗಲೇ ಗೊತ್ತಾಗಿತ್ತು. ಮೂರನೆಯದನ್ನು ಕಚ್ಚಿಸಿದ್ದು ಕಣ್ಣ ಮುಂದೆ ಇತ್ತು. ಬಿಡಿಸಿದ್ದು ಎಷ್ಟು ನೆನಪಿಸಿಕೊಂಡರೂ ಬರಲಿಲ್ಲ.

ಆ ಲಿಫ್ಟು ಐದು ನಿಮಿಷ ಯಾರೂ ಬಳಸದಿದ್ದರೆ ತಾನಾಗಿ ಕೆಳಗೆ ಹೋಗಿ ನಿಲ್ಲುತ್ತದೆ. ಮೇಲಿನ ಲಾಕಿನ ನಾಲಗೆ ಕೂರದೆ ಹೋದರೂ ಈಗ ಅದನ್ನು ತಡೆಯುವವರಿಲ್ಲ. ಆಮೇಲೆ ಮೇಲೆ ಯಾರಾದರೂ ಹಿಡಿ ಎಳೆದರೆ ಬಾಗಿಲು ತೆರೆದುಕೊಳ್ಳುತ್ತದೆ, ಆಚೆ ಲಿಫ್ಟು ಇರುವುದಿಲ್ಲ. ಶರ್ಮಿಳಾ ಮೇಡಂ ಒಳಗೆ ಹೋಗುವುದು ಬೆನ್ನು ಮುಂದು ಮಾಡಿ. ಇಳಿಯುವಾಗ ನೇರ ಹೊರಗೆ ಬರಲು ಸುಲಭವೆಂದು ಕುರ್ಚಿಯನ್ನು ಹಿಂದಕ್ಕೆ ಉರುಳಿಸುತ್ತಾರೆ. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಫೋನ್ ಮಾಡಿದ. ಪೂರ್ತಿ ರಿಂಗಾಗಿ ನಿಂತಿತು. ಮತ್ತೆ ಮಾಡಿದ. ಟ್ಯೂಷನ್ ಹೊತ್ತಿನಲ್ಲಿ ಅವರು ಫೋನ್ ಎತ್ತುವುದಿಲ್ಲ ಎಂದು ಸಮಾಧಾನ ಹೇಳಿಕೊಂಡ. ಟ್ಯೂಷನ್ ಮುಗಿಯುವುದು ಆರಕ್ಕೆ, ಅಲ್ಲಿಯವರೆಗೆ ಅವರು ಕೆಳಗೇ ಇರುತ್ತಾರೆ. ಲಿಫ್ಟು ಮುಟ್ಟಬೇಡಿ, ಬಾಗಿಲು ತೆಗೆಯಬೇಡಿ, ತಪ್ಪು ನನ್ನದು, ಬರುತ್ತಿದ್ದೇನೆ ಎಂದು ಮೆಸೇಜ್ ಬರೆದ. ಆದರ್ಶರಿಗೆ ಮಾಡಿದ. ರಿಫೈನರಿಯೊಳಗೆ ಫೋನ್ ಒಯ್ಯಲು ಬಿಡುವುದಿಲ್ಲ, ಸ್ವಿಚ್ ಆಫ್. ಮೇಲಿನ ಆಫೀಸಿಗೆ ಹೋಗಿ ಅಲೆಕ್ಸಾಂಡರನಿಗೆ ಹೇಳಿದ. ಅಲೆಕ್ಸಾಂಡರ್ ಮೊದಲು ಕೂತುಕೊ ಎಂದ, ಆಮೇಲೆ ವ್ಯಾನಿನಲ್ಲಿ ಸರಿಯಾಗಿ ನೋಡಿದೆಯಾ ಎಂದ, ಬರವಣಿಗೆಯಲ್ಲಿ ಮಾತ್ರ ಯಾರಿಗೂ ಏನೂ ಕಳಿಸಬೇಡ ಎಂದ. ಕಳಿಸಿ ಆಗಿದೆ ಎಂದು ನಿಝಾಮ ಮೆಟ್ಟಿಲಿಳಿದ.

ಜೆಬೆಲ್ ಅಲಿ ದಾಟುವ ಮೊದಲು ಇನ್ನೂ ಆರು ಸಲ ಫೋನ್ ಮಾಡಿದ್ದ. ಟ್ರಾಫಿಕ್ ಕಟ್ಟಿಕೊಂಡಿತ್ತು. ಹೀಗೆ ಹೋದರೆ ಆರಕ್ಕೆ ಮುಟ್ಟುವುದು ಅನುಮಾನ. ಯಾರಾದರೂ ಆ ಬೀದಿಯವರು ಬೇಕಿತ್ತು. ಮೂರು ವರ್ಷ ಹೋಗಿ ಬಂದರೂ ಪಕ್ಕದ ಮನೆಯವರ ಹೆಸರು ತಿಳಿಯದು. ಆಗ ಪಕ್ಕದ ಸೀಟಿನ ಮೇಲೆ ಬಿದ್ದಿದ್ದ ಹಳದಿ ಪ್ಲಾಸ್ಟಿಕ್ ಚೀಲ ಕಣ್ಣಿಗೆ ಬಿತ್ತು. ಬೆಳಿಗ್ಗೆ ಆ ಬೀದಿಯ ಮೂಲೆಯ ಬಕಾಲದಿಂದ, ಅಂದರೆ ದಿನಸಿ ಅಂಗಡಿಯಿಂದ, ಲಬನ್ ಮಜ್ಜಿಗೆ ಮತ್ತು ಬನ್ನು ತಂದಿದ್ದ ಚೀಲ. ಅದರ ಮೇಲೆ ಫ್ರೀ ಡೆಲಿವರಿ ಎಂದು ಅಂಗಡಿಯ ನಂಬರು. ಪೆಟ್ರೋಲ್ ಪಂಪಿನ ಬದಿಗೆ ವ್ಯಾನ್ ನಿಲ್ಲಿಸಿ ಆ ನಂಬರಿಗೆ ಮಾಡಿದ.

ಎತ್ತಿದ್ದು ಅಂಗಡಿಯ ಸಿದ್ದೀಕ್, ಮಂಜೇಶ್ವರದವರು. ನಿಝಾಮ ಬ್ಯಾರಿ ಭಾಷೆಯಲ್ಲೇ ತಡವರಿಸುತ್ತ ಹೇಳಿದ. ಸಿದ್ದೀಕ್ ಎರಡನೇ ಪ್ರಶ್ನೆ ಕೇಳಲಿಲ್ಲ. ಟೀಚರ್ ಮನೆ ತಾನೇ, ಹಿಂದಿನ ಅಡುಗೆಮನೆ ಬಾಗಿಲಿಗೆ ನಾನೇ ದಿನಾ ಹಾಲು ಮುಟ್ಟಿಸುವುದು, ಈಗಲೇ ಹೋಗುತ್ತೇನೆ ಎಂದರು. ಶಟರ್ ಎಳೆದ ಸದ್ದು ಫೋನಿನಲ್ಲೇ ಕೇಳಿಸಿತು.

ನಿಝಾಮ ಪಂಪಿನಿಂದ ಕದಲಲಿಲ್ಲ. ಹನ್ನೆರಡು ನಿಮಿಷ ಸ್ಟೀರಿಂಗ್ ಹಿಡಿದು ಕೂತಿದ್ದ. ಫೋನ್ ಬಂತು.

"ಜೀವಕ್ಕೆ ಏನೂ ಆಗಲಿಲ್ಲ," ಎಂದರು ಸಿದ್ದೀಕ್. "ಆದರೆ ಬಿದ್ದಿದ್ದಾರೆ. ನೀನು ಬಾ."

ಆದದ್ದು ಹೀಗೆ. ಮೂರೂವರೆಗೆ ಶರ್ಮಿಳಾ ಒಂದು ಪುಸ್ತಕ ತರಲು ಮೇಲೆ ಹೋದರು. ಪುಸ್ತಕ ಹುಡುಕುವಷ್ಟರಲ್ಲಿ ಲಿಫ್ಟು ಕೆಳಗಿಳಿದಿತ್ತು. ಮಕ್ಕಳು ಬರುವ ಹೊತ್ತಾಯಿತೆಂದು ಅವರು ಬಾಗಿಲು ಎಳೆದರು, ತೆರೆಯಿತು. ದಿನದಂತೆ ಕುರ್ಚಿಯನ್ನು ಹಿಂದಕ್ಕೆ ಉರುಳಿಸಿದರು. ಬಲಚಕ್ರ ಜಾರಿದಾಗ ಬೆನ್ನಿಗೆ ಬಿಸಿಗಾಳಿ ತಾಗಿತಂತೆ. ಯೋಚನೆ ಮಾಡುವ ಮೊದಲೇ ಕೈ ಬಾಗಿಲ ಚೌಕಟ್ಟನ್ನು ಹಿಡಿದಿತ್ತು. ಮೈಯನ್ನು ಮುಂದಕ್ಕೆ ಎಸೆದರು. ಕುರ್ಚಿ ಅವರನ್ನು ಬಿಟ್ಟು ಕೆಳಗೆ, ಲಿಫ್ಟಿನ ಮಾಡಿನ ಮೇಲೆ ಹೋಗಿ ಬಿತ್ತು. ಅದರ ಚೀಲದಲ್ಲಿದ್ದ ಫೋನೂ ಅದರ ಜೊತೆ ಹೋಯಿತು. ನಾಲ್ಕು ಗಂಟೆಗೆ ಮಕ್ಕಳು ಬಂದು ಬೆಲ್ ಮಾಡಿ, ಕಾದು, ಇವತ್ತು ಕ್ಲಾಸಿಲ್ಲವೇನೋ ಎಂದು ವಾಪಸಾದರು. ಶರ್ಮಿಳಾ ಕೂಗಿದ್ದು ಮುಚ್ಚಿದ ಕಿಟಕಿಗಳಾಚೆ ಕೇಳಿಸಲಿಲ್ಲ. ಆಮೇಲೆ ಮೊಣಕೈ ಊರಿ, ಮೈಯನ್ನು ಎಳೆದುಕೊಂಡು, ಅಡುಗೆಮನೆಯ ಮೇಲಿನ ಕೋಣೆಯ ಕಿಟಕಿಯವರೆಗೆ ಹೋದರು. ಅಷ್ಟು ದೂರಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಸಿದ್ದೀಕ್ ಹಿಂಬದಿಯಿಂದ ಬಂದಾಗ ಕಿಟಕಿಯ ಗಾಜಿಗೆ ಯಾರೋ ಬಳೆಯಿಂದ ಬಡಿಯುವುದು ಕೇಳಿಸಿತು.

ನಿಝಾಮ ಅಲೆಕ್ಸಾಂಡರನಿಗೆ ಫೋನ್ ಮಾಡಿ ತಿಳಿಸಿದ. ಅಲೆಕ್ಸಾಂಡರ್ ತಗ್ಗಿದ ದನಿಯಲ್ಲಿ, ಹೋದ ಕೂಡಲೇ ಮೊದಲು ಆ ವೈರು ತೆಗೆದು ಜೇಬಿಗೆ ಹಾಕು ಎಂದ. ಲಾಕಿನ ಸ್ಪ್ರಿಂಗ್ ಹೇಗೂ ಸೋತಿತ್ತಲ್ಲ, ಲಾಕ್ ಕೆಟ್ಟಿತು ಎಂದು ಬರೆಯೋಣ, ಅದು ಪೂರ್ತಿ ಸುಳ್ಳೂ ಅಲ್ಲ. ನಿನಗೂ ಹೆಂಡತಿ ಮಗು ಇದ್ದಾರೆ, ನನಗೂ ಇದ್ದಾರೆ ಎಂದ. ಅಲೆಕ್ಸಾಂಡರ್ ಕೆಟ್ಟವನಲ್ಲ. ನಿಝಾಮನ ತಂದೆ ತೀರಿದಾಗ ರಾತ್ರೋರಾತ್ರಿ ಓಡಾಡಿ ಟಿಕೆಟ್ ಮಾಡಿಸಿಕೊಟ್ಟವನು ಅವನೇ. ಆ ಮಾತು ನಿಝಾಮನ ಮನಸ್ಸಿನಲ್ಲಿ ಕೂತಿತು. ನಿಜ ಹೇಳಬೇಕೆಂದರೆ, ಉಳಿದ ದಾರಿಯಲ್ಲಿ ಅವನು ಆ ಮಾತನ್ನು ದೂಡಲೂ ಇಲ್ಲ.

ಮನೆ ಮುಟ್ಟಿದಾಗ ಆರೂ ಹತ್ತು. ಸಿದ್ದೀಕರ ಹೆಂಡತಿ ರಶೀದ ಬಂದು ಶರ್ಮಿಳಾರನ್ನು ಮಂಚಕ್ಕೆ ಒರಗಿಸಿ ಕೂರಿಸಿ, ಊದಿದ ಮಣಿಕಟ್ಟಿಗೆ ಐಸು ಒತ್ತಿ ಹಿಡಿದಿದ್ದರು. ಎರಡೂ ಮೊಣಕೈ ಸುಲಿದಿತ್ತು. ಆಸ್ಪತ್ರೆಗೆ ಕರೆದೊಯ್ಯಲು ಸಿದ್ದೀಕ್ ಕಾರು ತರಲು ಹೋಗಿದ್ದರು. ಶರ್ಮಿಳಾ ನಿಝಾಮನನ್ನು ನೋಡಿ, ಬಂದಿರಾ, ಎಂದಷ್ಟೇ ಹೇಳಿದರು. ಅವನು ಮೇನ್ ಸ್ವಿಚ್ ಆಫ್ ಮಾಡಿ ಬರುತ್ತೇನೆಂದು ಹೊರಗೆ ಬಂದ.

ಪ್ಯಾನೆಲ್ ಇದ್ದದ್ದು ಮೇಲಿನ ಓಣಿಯಲ್ಲೇ, ಲಿಫ್ಟಿನ ಬಾಗಿಲ ಪಕ್ಕ. ಸ್ವಿಚ್ ಆಫ್ ಮಾಡಿ, ನಾಲ್ಕು ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದ. ವೈರು ಅಲ್ಲೇ ಇತ್ತು, ಬೆಳಿಗ್ಗೆ ಅವನು ಹಾಕಿದಂತೆಯೇ. ಓಣಿಯಲ್ಲಿ ಯಾರೂ ಇಲ್ಲ. ಎರಡು ಕ್ಲಿಪ್ ಬಿಡಿಸಲು ಎರಡು ಸೆಕೆಂಡು ಬೇಕಿಲ್ಲ. ಅವನ ಕೈ ಒಂದು ಕ್ಲಿಪ್ಪಿನ ಮೇಲೆ ಹೋಗಿಯೂ ಹೋಗಿತ್ತು.

ಆಗ ಕೋಣೆಯೊಳಗೆ ಶರ್ಮಿಳಾ ರಶೀದರೊಡನೆ ಮಾತಾಡುವುದು ಕೇಳಿಸಿತು. ರಶೀದರಿಗೆ ಕನ್ನಡ ಅಷ್ಟಕ್ಕಷ್ಟೆ. ಹಾಗಾಗಿ ಅದು ತನಗೆ ತಾನೇ ಹೇಳಿಕೊಂಡಂತಿತ್ತು.

"ನಾನು ಜೋರಾಗಿ ಎಳೆದೆನೇನೋ. ಲೈಟ್ ಇದೆಯಾ ಅಂತ ನೋಡಬೇಕಿತ್ತು, ನೋಡಲಿಲ್ಲ. ಆದರ್ಶಂಗೆ ಏನಂತ ಹೇಳಲಿ? ಆವತ್ತೂ ಹಾಗೇ ಮಾಡಿದೆ. ಸ್ಟೀರಿಂಗ್ ಹಿಡಿದಿದ್ದೋಳು ನಾನೇ, ಮುಂದೆ ನೋಡಲಿಲ್ಲ. ಇವತ್ತೂ ನಾನೇ. ಇನ್ನು ಒಬ್ಬಳೇ ಇರೋಕೆ ಯಾರೂ ಬಿಡಲ್ಲ. ಬಿಡಲೂಬಾರದು."

ನಿಝಾಮನ ಕೈ ನಿಂತಿತು. ಅವರು ತನ್ನನ್ನು ಬೈಯುತ್ತಿದ್ದಾರೆ ಎಂದೇ ಅವನು ಎಣಿಸಿದ್ದ. ಬೈದಿದ್ದರೆ ಬಹುಶಃ ವೈರನ್ನು ಜೇಬಿಗೆ ಹಾಕಿಕೊಂಡು ಬಿಡುತ್ತಿದ್ದನೇನೋ. ಅದನ್ನು ಅವನು ಮುಂದೆ ತನಗೆ ತಾನೇ ಒಪ್ಪಿಕೊಂಡ. ಆದರೆ ಒಂದು ಗಂಟೆಗೂ ಮೀರಿ ನೆಲದ ಮೇಲೆ ಬಿದ್ದಿದ್ದ ಈ ಹೆಂಗಸು ತನ್ನ ಮೇಲೇ ತೀರ್ಪು ಕೊಟ್ಟುಕೊಂಡು ಮುಗಿಸಿದ್ದರು. ಮೆಸೇಜ್ ಹೋಗಿದ್ದ ಫೋನ್ ಲಿಫ್ಟಿನ ಮಾಡಿನ ಮೇಲಿತ್ತು. ಅದನ್ನು ಅವರು ಓದಿರಲಿಲ್ಲ. ಈಗ ಇದನ್ನು ತೆಗೆದು ಅಡಗಿಸಿದರೆ ಅವರು ಬದುಕಿರುವಷ್ಟು ದಿನ ತಾನೇ ತಪ್ಪಿದವಳು ಎಂದು ನಂಬಿಕೊಂಡು ಇರುತ್ತಾರೆ. ಯಾವ ಬಾಗಿಲನ್ನೂ ತಾವಾಗಿ ತೆರೆಯಲು ಅವರಿಗೆ ಧೈರ್ಯ ಬರಲಾರದು.

ಅವನು ವೈರನ್ನು ಮುಟ್ಟದೆ ಒಳಗೆ ಹೋದ.

"ಮೇಡಂ, ನಿಮ್ಮದು ತಪ್ಪಲ್ಲ," ಎಂದ. "ಒಮ್ಮೆ ಹೊರಗೆ ಬಂದು ನೋಡಬೇಕು. ನಾನು ಇನ್ನೂ ತೆಗೀಲಿಲ್ಲ."

ಅಡುಗೆಮನೆಯ ಪ್ಲಾಸ್ಟಿಕ್ ಕುರ್ಚಿ ತಂದ. ರಶೀದ ಶರ್ಮಿಳಾರನ್ನು ಎತ್ತಿ ಕೂರಿಸಿದರು, ಇಬ್ಬರೂ ಸೇರಿ ಪ್ಯಾನೆಲಿನ ಎದುರಿಗೆ ತಂದರು. ಶರ್ಮಿಳಾ ಒಳಗೆ ನೋಡಿದರು. ನೂರು ತೆಳು ವೈರುಗಳ ನಡುವೆ ಆ ದಪ್ಪ ಕೆಂಪು ವೈರು ಯಾರ ಕಣ್ಣಿಗೂ ಬೀಳುವಂತಿತ್ತು.

"ಇದು ಏನು?"

"ನಾನು ಬೆಳಿಗ್ಗೆ ಹಾಕಿದ್ದು. ತೆಗೀಬೇಕಿತ್ತು. ಮರೆತು ಹೋದೆ."

"ಯಾವುದರ ಮೇಲೆ ಹಾಕಿದೀರಿ?"

"ಈ ಬಾಗಿಲಿನ ಲಾಕಿನ ಮೇಲೆ."

ಅವರು ಸ್ವಲ್ಪ ಹೊತ್ತು ಆ ಎರಡು ಕ್ಲಿಪ್ಪುಗಳನ್ನೇ ನೋಡಿದರು. ಅವರಿಗೆ ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. "ಅಂದ್ರೆ ಬಾಗಿಲು ಲಾಕ್ ಆಗದಿದ್ರೂ ಲಿಫ್ಟ್ ಕೆಳಗೆ ಹೋಗಿದೆ," ಎಂದರು ನಿಧಾನವಾಗಿ. "ನಾನು ಎಳೆದದ್ದು ಸರಿಯಾಗೇ ಎಳೆದೆ."

"ಹೌದು ಮೇಡಂ."

"ಯಾಕೆ ಮರೆತಿರಿ?"

ಖಲೀಫಾ ಸಿಟಿಯ ಮುದುಕರ ವಿಷಯ ನಿಝಾಮನ ನಾಲಗೆಯ ತುದಿಗೆ ಬಂದಿತ್ತು. "ಫೋನ್ ಬಂತು," ಎಂದಷ್ಟೇ ಹೇಳಿದ.

"ಒಂದು ಫೋನ್ ಬಂತು ಅಂತ." ಶರ್ಮಿಳಾರ ಮುಖ ಬಿಗಿಯಿತು. ದನಿ ಏರಲಿಲ್ಲ. "ಕೆಳಗೆ ನನ್ನ ಫೋನ್ ಹೊಡ್ಕೋತಾನೇ ಇತ್ತು, ಗೊತ್ತಾ ನಿಮಗೆ? ಮಲಗಿದಲ್ಲಿಂದ ಒಂದೊಂದೇ ರಿಂಗ್ ಎಣಿಸ್ತಿದ್ದೆ. ಹದಿನೆಂಟರವರೆಗೆ ಎಣಿಸಿ ಬಿಟ್ಟೆ. ಇದನ್ನೆಲ್ಲ ನಾನು ಬರೆದು ನಿಮ್ಮ ಕಂಪನಿಗೆ ಕಳಿಸ್ತೀನಿ. ನಿಮ್ಮ ಕೆಲಸ ಹೋಗಬಹುದು."

"ಬರೀರಿ ಮೇಡಂ. ನಾನೂ ಬರೀತೇನೆ."

ರಶೀದರ ಫೋನಿನಲ್ಲಿ ಶರ್ಮಿಳಾ ಪ್ಯಾನೆಲಿನ ಮೂರು ಫೋಟೋ ತೆಗೆಸಿದರು. ಆಮೇಲೆ ಮಾತ್ರ ನಿಝಾಮ ವೈರು ಬಿಡಿಸಿದ.

ಕಾರು ಬಂತು. ಮೆಟ್ಟಿಲಿಳಿಸಲು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಸಿದ್ದೀಕ್ ಕುರ್ಚಿಯ ಮುಂದಿನ ಕಾಲು ಹಿಡಿದರು, ಹಿಂದಿನಿಂದ ಹಿಡಿಯಲು ಇದ್ದವನು ನಿಝಾಮ ಒಬ್ಬನೇ. ಶರ್ಮಿಳಾ ಬೇಡವೆನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ಹದಿನೆಂಟು ಮೆಟ್ಟಿಲು. ಅವರ ತಲೆ ಅವನ ಎದೆಗೆ ತಾಗುವಷ್ಟು ಹತ್ತಿರವಿತ್ತು. ಕಾರಿನಲ್ಲಿ ಕೂತ ಮೇಲೆ ಅವನೂ ಹತ್ತಲು ನೋಡಿದಾಗ ಅವರು, ನೀವು ಬೇಡ, ಎಂದರು.

ಅವನು ಹಿಂದೆ ಉಳಿದು ಲಿಫ್ಟಿನ ಮಾಡಿನ ಮೇಲಿಂದ ಕುರ್ಚಿ ಎತ್ತಿದ. ಬಲಚಕ್ರ ಡೊಂಕಾಗಿತ್ತು. ಫೋನಿನ ಗಾಜು ಒಡೆದಿತ್ತು, ಜೀವವಿತ್ತು. ಮೇಲಿನ ಬಾಗಿಲಿಗೆ ಅಡ್ಡ ಹಲಗೆ ಕಟ್ಟಿ, ಸ್ವಿಚ್ಚಿಗೆ ಬೀಗ ಹಾಕಿ, ಹಾಲಿನಲ್ಲಿ ಕೂತು ಸರ್ವಿಸ್ ಶೀಟಿನ ಹಿಂದೆ ನಡೆದದ್ದನ್ನೆಲ್ಲ ಬರೆದ. ಅಲೆಕ್ಸಾಂಡರನ ಹೆಸರು ಬರೆಯಲಿಲ್ಲ. ಆಫೀಸಿನಿಂದ ಫೋನ್ ಬಂತು ಎಂದಷ್ಟೇ ಬರೆದ. ಎಂಟೂವರೆಗೆ ಆದರ್ಶ ರುವೈಸ್‌ನಿಂದ ಬಂದರು. ಆಸ್ಪತ್ರೆಗೆ ಹೋಗಿ ಬಂದಿದ್ದರು. ಮಣಿಕಟ್ಟಿನಲ್ಲಿ ಸಣ್ಣ ಬಿರುಕು, ಬೇರೇನಿಲ್ಲ. ನಿಝಾಮ ಕೊಟ್ಟ ಹಾಳೆಯನ್ನು ನಿಂತೇ ಓದಿದರು. ಹೊಡೆಯುತ್ತಾರೇನೋ ಎಂದುಕೊಂಡ. ಅವರು ಹಾಳೆ ಮಡಚಿ, "ಅವಳು ನನಗೆ ಮೊದಲು ಹೇಳಿದ ಮಾತೇನು ಗೊತ್ತುಂಟಾ? ತನ್ನ ತಪ್ಪಲ್ಲ ಅಂತ," ಎಂದರು. ಆಮೇಲೆ ಬಾಗಿಲು ತೋರಿಸಿದರು.

ಮನೆಯಲ್ಲಿ ಹೆಂಡತಿ ಫರ್ಝಾನ ಎಲ್ಲ ಕೇಳಿದಳು. ಅವಳ ಮೊದಲ ಮಾತು ಹಫ್ಸಳ ಸ್ಕೂಲಿನ ಬಗ್ಗೆ. ವರ್ಷದ ನಡುವೆ ಊರಿಗೆ ಹೋಗಬೇಕಾದರೆ ಯಾವ ಸ್ಕೂಲಿನಲ್ಲಿ ಸೀಟು ಸಿಗುತ್ತದೆ ಎಂದು. ಅವಳು ಅವನನ್ನು ಹೊಗಳಲಿಲ್ಲ, ದೂರಲೂ ಇಲ್ಲ. ಮರುದಿನ ಬೆಳಿಗ್ಗೆ ಅವನ ಯೂನಿಫಾರ್ಮ್ ಇಸ್ತ್ರಿ ಮಾಡಿ ಇಟ್ಟಿದ್ದಳು.

ವಿಚಾರಣೆ ಮೂರು ವಾರ ನಡೆಯಿತು. ಶರ್ಮಿಳಾರ ಪತ್ರ ಎರಡು ಪುಟವಿತ್ತು. ನಿಝಾಮನ ತಪ್ಪನ್ನು ಅದರಲ್ಲಿ ಒಂದಿಷ್ಟೂ ಮೃದು ಮಾಡಿರಲಿಲ್ಲ. ಆದರೆ ಎರಡನೇ ಪುಟದಲ್ಲಿ, ಲಾಕಿನ ಕೆಲಸ ಅರ್ಧದಲ್ಲಿರುವಾಗ ಕೆಲಸಗಾರನನ್ನು ಬೇರೆಡೆಗೆ ಓಡಿಸಿದ್ದು ಯಾರು, ಒಬ್ಬನನ್ನೇ ಕಳಿಸುವುದೇಕೆ, ಅವನು ಹೋದ ಮೇಲೆ ಪರೀಕ್ಷಿಸುವವರು ಯಾರು ಎಂದು ಒಂದರ ಕೆಳಗೊಂದು ಕೇಳಿದ್ದರು. ಕೊನೆಗೆ, ಇವರು ಮತ್ತೆ ನನ್ನ ಮನೆಗೆ ಬರುವುದು ಬೇಡ ಎಂದು ಬರೆದಿದ್ದರು. ಕಂಪನಿ ಅವನನ್ನು ಕೆಲಸದಿಂದ ತೆಗೆಯಲಿಲ್ಲ. ಒಂದು ವರ್ಷ ಯಾವ ಮನೆಗೂ ಕಳಿಸುವುದಿಲ್ಲ ಎಂದು ವರ್ಕ್‌ಶಾಪಿನ ಮೇಜಿಗೆ ಹಾಕಿತು. ಹಳೆಯ ಲಾಕು ಬಿಚ್ಚುವುದು, ಹೊಸದನ್ನು ಸಾವಿರ ಸಲ ಹಾಕಿ ತೆಗೆದು ಪರೀಕ್ಷಿಸುವುದು. ಅಲೆಕ್ಸಾಂಡರನಿಗೂ ವಾರ್ನಿಂಗ್ ಬಂತು. ಅವನು ನಿಝಾಮನೊಡನೆ ಕೆಲಸದ ಮಾತು ಬಿಟ್ಟು ಬೇರೆ ಮಾತು ನಿಲ್ಲಿಸಿದ. ಅದು ನಿಝಾಮನಿಗೆ ಮೇಜಿಗಿಂತ ಹೆಚ್ಚು ನೋವು ಕೊಟ್ಟಿತು.

ಮೇಜಿನ ಮುಂದೆ ಯೋಚಿಸಲು ಬೇಕಾದಷ್ಟು ಹೊತ್ತಿತ್ತು. ತಾನು ನಿಜ ಹೇಳಿದೆನೆಂದು ಅವನಿಗೆ ಹೆಮ್ಮೆ ಬರಲಿಲ್ಲ. ಅವರು ಚೌಕಟ್ಟು ಹಿಡಿಯದೆ ಹೋಗಿದ್ದರೆ ತಾನು ಯಾರಿಗೆ ನಿಜ ಹೇಳುತ್ತಿದ್ದೆ ಎಂಬಲ್ಲಿಗೆ ಯೋಚನೆ ಬಂದು ನಿಲ್ಲುತ್ತಿತ್ತು. ಅಲ್ಲಿಂದ ಮುಂದಕ್ಕೆ ಹೋಗುತ್ತಿರಲಿಲ್ಲ.

ಜನವರಿಯ ಒಂದು ಗುರುವಾರ ಶರ್ಮಿಳಾ ತಾವಾಗಿ ಫೋನ್ ಮಾಡಿದರು. ಲಿಫ್ಟಿನ ಸರ್ವಿಸಿಗೆ ಈಗ ಇಬ್ಬರು ಬರುತ್ತಾರೆ, ಲಾಕೂ ಹೊಸದು, ಎಲ್ಲ ಸರಿ ಇದೆ ಎಂದರು. ಆದರೆ ಎಂಟು ತಿಂಗಳಿಂದ ತಾನು ಅದರೊಳಗೆ ಕೂತಿಲ್ಲ. ಮಂಚ ಕೆಳಗೆ ತರಿಸಿಕೊಂಡಿದ್ದೇನೆ, ಪುಸ್ತಕಗಳೆಲ್ಲ ಮೇಲೇ ಇವೆ. ಶನಿವಾರ ಬರಲಾಗುತ್ತದೆಯೇ? ಕಂಪನಿಗೆ ಹೇಳಿದ್ದೇನೆ, ಕೆಲಸಕ್ಕಲ್ಲ, ಸುಮ್ಮನೆ.

ಅವನು ಫರ್ಝಾನ, ಹಫ್ಸರನ್ನೂ ಕರೆದುಕೊಂಡು ಹೋದ. ಆದರ್ಶ ಬಾಗಿಲು ತೆಗೆದರು; ನಗಲಿಲ್ಲ, ಕೂರಲು ಹೇಳಿದರು. ಶರ್ಮಿಳಾ ಹೊಸ ಕುರ್ಚಿಯಲ್ಲಿದ್ದರು. ಹಫ್ಸ ಅವರನ್ನು ನೋಡಿ ಇಂಗ್ಲಿಷಿನಲ್ಲಿ ಗುಡ್ ಮಾರ್ನಿಂಗ್ ಹೇಳಿ ತಾಯಿಯ ಹಿಂದೆ ಸರಿದಳು.

"ನೀವು ಮೊದಲು ಒಳಗೆ ಹೋಗಿ ನಿಂತ್ಕೊಳ್ಳಿ," ಎಂದರು ಶರ್ಮಿಳಾ ನಿಝಾಮನಿಗೆ. "ಗೋಡೆಗೆ ಒರಗಿ. ನಾನು ತಿರುಗಿ ನೋಡಲ್ಲ. ಹಾಗೇ ಬರ್ತೀನಿ."

ಅವನು ಲಿಫ್ಟಿನ ಹಿಂದಿನ ಗೋಡೆಗೆ ಒರಗಿ ನಿಂತ. ಅವರು ಬೆನ್ನು ತಿರುಗಿಸಿದರು. ಎರಡು ಸಲ ಹೊಸ್ತಿಲವರೆಗೆ ಬಂದು ನಿಂತರು. ಕುತ್ತಿಗೆಯ ನರ ಬಿಗಿದದ್ದು ಅವನಿಗೆ ಕಾಣುತ್ತಿತ್ತು. ಬನ್ನಿ ಎಂದು ಹೇಳಬೇಕೋ ಬೇಡವೋ ತಿಳಿಯದೆ ಅವನು ಗೋಡೆಗೆ ಇನ್ನಷ್ಟು ಒತ್ತಿ ನಿಂತ. ಮೂರನೆಯ ಸಲ ಚಕ್ರ ಹೊಸ್ತಿಲು ದಾಟಿತು, ಕುರ್ಚಿಯ ಹಿಡಿ ಬಂದು ಅವನ ಹೊಟ್ಟೆಗೆ ತಾಗಿತು.

"ಇದ್ದೀರಾ?"

"ಇದ್ದೇನೆ ಮೇಡಂ."

ಬಾಗಿಲು ಮುಚ್ಚಿತು, ಲಿಫ್ಟು ಮೇಲಕ್ಕೆ ಹೊರಟಿತು. ಮೇಲೆ ಮುಟ್ಟಿ ಅವರು ನೇರ ಹೊರಗೆ ಉರುಳಿದರು, ಪುಸ್ತಕದ ಕೋಣೆಗೆ ಹೋದರು. ಬಹಳ ಹೊತ್ತು ಒಳಗಿದ್ದರು. ಹೊರಗೆ ಬಂದಾಗ ಮಡಿಲಲ್ಲಿ ನಾಲ್ಕು ಪುಸ್ತಕವಿತ್ತು, ಅದರಲ್ಲೊಂದು ಹಫ್ಸಳ ವಯಸ್ಸಿನವರಿಗೆ.

ನಿಝಾಮ ಮತ್ತೆ ಲಿಫ್ಟಿನೊಳಗೆ ನಿಲ್ಲಲು ಹೊರಟ.

"ಬೇಡ," ಎಂದರು ಶರ್ಮಿಳಾ. "ನೀವು ಮೆಟ್ಟಿಲಲ್ಲಿ ಬನ್ನಿ."

ಅವನು ಮೆಟ್ಟಿಲಿಳಿಯತೊಡಗಿದ. ಗೋಡೆಯಾಚೆ ಲಿಫ್ಟಿನ ಬಾಗಿಲು ಮುಚ್ಚುವ ಸದ್ದು, ಲಾಕ್ ಕೂತ ಸದ್ದು ಕೇಳಿಸಿತು. ಆಮೇಲೆ ಮೋಟರಿನ ಸಣ್ಣ ಗುಂಯ್‌ಗುಡುವಿಕೆ. ಆ ಲಿಫ್ಟು ಮನುಷ್ಯನ ನಡಿಗೆಗಿಂತ ನಿಧಾನ. ಅವನು ಅರ್ಧದಲ್ಲಿ ಒಮ್ಮೆ ನಿಂತು, ಅದು ತನ್ನನ್ನು ದಾಟಿ ಕೆಳಗಿಳಿಯುವವರೆಗೆ ಕಾದು, ಆಮೇಲೆ ಉಳಿದ ಮೆಟ್ಟಿಲು ಇಳಿದ.